ಆರೋಪಿಯೇ ಬರೆಯುವ ಮಹಜರು

ಕಳವು ನಡೆದ ಸ್ಥಳಕ್ಕೆ ಪೊಲೀಸರು ಹೋಗಿ ಮಹಜರು ಬರೆಯುತ್ತಾರೆ, ಊರಿನ ಇಬ್ಬರು ಪಂಚರು ಸಹಿ ಹಾಕುತ್ತಾರೆ. ಇದು ನಮಗೆಲ್ಲ ಗೊತ್ತಿರುವ ಪದ್ಧತಿ. ಆ ಮಹಜರನ್ನು ಆರೋಪ ಹೊತ್ತವನೇ ಬರೆದರೆ? ಪಂಚರನ್ನು ತನ್ನ ಜೀಪಿನಲ್ಲೇ ಕರೆತಂದು, ಎಷ್ಟು ಕಳವಾಯಿತು, ಯಾವತ್ತು ಕಳವಾಯಿತು, ಯಾರು ಕದ್ದರು ಎಂಬುದನ್ನೆಲ್ಲ ತಾನೇ ತೀರ್ಮಾನಿಸಿ, ಕೊನೆಗೆ ಹೊಳೆಯುವ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚಿದರೆ? ಯಾರಾದರೂ ನಕ್ಕಾರು. ಆದರೆ ಜಗತ್ತಿನ ದೊಡ್ಡ ದೊಡ್ಡ ಇಂಧನ ಕಂಪೆನಿಗಳು ವರ್ಷಕ್ಕೊಮ್ಮೆ ಇದೇ ಕೆಲಸ ಮಾಡಿದಾಗ ನಾವು ನಗುವುದಿಲ್ಲ. ಅದಕ್ಕೆ 'ಸುಸ್ಥಿರತಾ ವರದಿ' ಎಂಬ ಗೌರವದ ಹೆಸರಿದೆ, ಪ್ರಶಸ್ತಿಗಳಿವೆ, ಅದನ್ನು ಬರೆದುಕೊಡಲೆಂದೇ ಹುಟ್ಟಿಕೊಂಡ ಸಲಹೆಗಾರರ ಒಂದು ಉದ್ಯಮವೇ ಇದೆ.

ಮುಖಪುಟದಲ್ಲಿ ಹಸಿರು ಎಲೆ, ಒಳಗೆ ಶಾಲಾ ಮಕ್ಕಳ ನಗು, ಆಮೇಲೆ ಕೋಷ್ಟಕಗಳು. ಇಂಗಾಲ ಇಷ್ಟು ಟನ್, ಸೋರಿಕೆ ಇಷ್ಟು, ನೀತಿ ಸಂಹಿತೆಯ ಉಲ್ಲಂಘನೆ ಇಷ್ಟು ಪ್ರಕರಣ, ಲಂಚದ ವಿಷಯದಲ್ಲಿ ಶೂನ್ಯ ಸಹನೆ. ಈ ಅಂಕಿಗಳೆಲ್ಲ ಸುಳ್ಳು ಎಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಬೇರೆಯೇ ಇದೆ. ಕಳೆದ ಮೂವತ್ತು ವರ್ಷಗಳಲ್ಲಿ ಇಂಧನ ಕಂಪೆನಿಗಳ ಯಾವ ದೊಡ್ಡ ಅನ್ಯಾಯ ಮೊದಲು ಅವರದ್ದೇ ವರದಿಯಿಂದ ಹೊರಬಂತು? ಇದಕ್ಕೆ ಉತ್ತರ ಹುಡುಕಲು ಒಂದೇ ಕಂಪೆನಿಯನ್ನು ತೆಗೆದುಕೊಳ್ಳೋಣ. ಕೆಟ್ಟ ವರದಿ ಬರೆಯುವ ಯಾವುದೋ ಪುಡಿ ಕಂಪೆನಿ ಬೇಡ. ಇಂತಹ ವರದಿಗಳಿಗೆ ಮಾದರಿ ಹಾಕಿಕೊಟ್ಟ ಶೆಲ್ ಕಂಪೆನಿಯನ್ನೇ ನೋಡೋಣ. ನಮ್ಮ ಬೆಂಗಳೂರಿನಲ್ಲಿ ಅದರ ದೊಡ್ಡ ತಂತ್ರಜ್ಞಾನ ಕೇಂದ್ರವಿದೆ, ರಸ್ತೆ ಬದಿಯಲ್ಲಿ ಹಳದಿ ಚಿಪ್ಪಿನ ಬಂಕುಗಳಿವೆ. ಅಪರಿಚಿತ ಹೆಸರೇನಲ್ಲ.

1995ರ ನವೆಂಬರ್ 10ರಂದು ನೈಜೀರಿಯಾದ ಸೈನಿಕ ಸರಕಾರ ಸಾಹಿತಿ ಕೆನ್ ಸಾರೋ-ವಿವಾ ಮತ್ತು ಅವರ ಎಂಟು ಮಂದಿ ಸಂಗಾತಿಗಳನ್ನು ಗಲ್ಲಿಗೇರಿಸಿತು. ನೈಜರ್ ನದೀಮುಖಜ ಭೂಮಿಯ ಒಗೋನಿ ಜನರ ಹೊಲ, ತೋಡು, ಮೀನನ್ನು ಹಾಳು ಮಾಡಿದ ತೈಲೋದ್ಯಮದ ವಿರುದ್ಧ ಅವರು ಜನರನ್ನು ಸಂಘಟಿಸಿದ್ದರು. ಜಗತ್ತಿನ ಕಣ್ಣು ಶೆಲ್ ಮೇಲೆ ಬಿತ್ತು. ಅದೇ ವರ್ಷ ಬ್ರೆಂಟ್ ಸ್ಪಾರ್ ಎಂಬ ಹಳೆಯ ತೈಲ ತೊಟ್ಟಿಯನ್ನು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಲು ಹೋಗಿ ಕಂಪೆನಿ ಯುರೋಪಿನ ಗ್ರಾಹಕರ ಬಹಿಷ್ಕಾರವನ್ನೂ ಎದುರಿಸಿತ್ತು. 1997ರಲ್ಲಿ ಅದು ತನ್ನ ವ್ಯವಹಾರ ತತ್ವಗಳನ್ನು ಪರಿಷ್ಕರಿಸಿತು. 1998ರಲ್ಲಿ ಬಂದ ವರದಿಯ ಹೆಸರೇ ಲಾಭ ಮತ್ತು ತತ್ವ, ಇವೆರಡರಲ್ಲಿ ಒಂದನ್ನೇ ಆರಿಸಬೇಕೇ ಎಂಬ ಪ್ರಶ್ನೆಯಾಗಿತ್ತು. ಕೆಪಿಎಂಜಿ ಮತ್ತು ಪ್ರೈಸ್‌ವಾಟರ್‌ಹೌಸ್‌ಕೂಪರ್ಸ್ ಪರಿಶೀಲಿಸಿದ ಈ ವರದಿಗಳನ್ನು ವಾಣಿಜ್ಯ ಶಾಲೆಗಳು ಪಾಠವಾಗಿ ಕಲಿಸಿದವು. ಒಂಬತ್ತು ಜನರ ಗೋರಿಯ ಮೇಲೆ ಬೆಳೆದ ಸಾಹಿತ್ಯ ಪ್ರಕಾರ ಇದು. ಹಾಗೆಂದು ಯಾರೂ ಹೇಳುವುದಿಲ್ಲ, ಅಷ್ಟೆ.

ಈಗ ಬೋಡೋ ಎಂಬ ಊರಿಗೆ ಬನ್ನಿ. ಒಗೋನಿ ನಾಡಿನ ಈ ಊರು ನಮ್ಮ ಕರಾವಳಿಯ ಅಳಿವೆ ಬಾಗಿಲಿನ ಹಳ್ಳಿಗಳಂತೆಯೇ ಇರುವಂಥದ್ದು. ಉಪ್ಪುನೀರಿನ ತೋಡುಗಳು, ಕಾಂಡ್ಲಾ ಗಿಡಗಳ ಕಾಡು. ಗಂಡಸರು ಮೀನು ಹಿಡಿಯುತ್ತಾರೆ, ಹೆಂಗಸರು ಇಳಿತದ ಹೊತ್ತಿಗೆ ಕೆಸರಿನಲ್ಲಿ ಚಿಪ್ಪುಮೀನು ಹೆಕ್ಕುತ್ತಾರೆ. 2008ರಲ್ಲಿ ಇಲ್ಲಿ ಹಾದುಹೋಗುವ ಶೆಲ್‌ನ ಹಳೆಯ ಪೈಪ್‌ಲೈನ್ ಎರಡು ಬಾರಿ ಸೋರಿತು. ಮೊದಲನೆಯದು ಆಗಸ್ಟ್ 28ಕ್ಕೆ ಶುರುವಾಯಿತು ಎಂದರು ಊರವರು. ಅಲ್ಲ, ಅಕ್ಟೋಬರ್ 5ಕ್ಕೆ ಎಂದಿತು ಕಂಪೆನಿ. ಸೋರಿಕೆ ನಿಂತದ್ದು ನವೆಂಬರ್ 7ಕ್ಕೆ. ಯಾವ ದಿನದಿಂದ ಎಣಿಸುತ್ತೀರಿ ಎಂಬುದರ ಮೇಲೆ ಐದಾರು ವಾರಗಳ ಎಣ್ಣೆ ಲೆಕ್ಕಕ್ಕೆ ಬರುತ್ತದೆ ಅಥವಾ ಮಾಯವಾಗುತ್ತದೆ!

ನೈಜೀರಿಯಾದ ಪದ್ಧತಿ ಹೀಗೆ. ಎಲ್ಲಾದರೂ ಎಣ್ಣೆ ಸೋರಿದರೆ ಕಂಪೆನಿ, ಸರಕಾರದ ನಿಯಂತ್ರಣ ಸಂಸ್ಥೆ ಮತ್ತು ಊರಿನ ಪ್ರತಿನಿಧಿಗಳು ಒಟ್ಟಾಗಿ ಸ್ಥಳಕ್ಕೆ ಹೋಗಿ 'ಜಂಟಿ ತನಿಖೆ' ಮಾಡಬೇಕು. ಕೇಳಲು ಚೆನ್ನಾಗಿದೆ. ಆದರೆ ಯಾವಾಗ ಹೋಗಬೇಕೆಂದು ಗೊತ್ತು ಮಾಡುವುದು ಕಂಪೆನಿ. ಸರಕಾರಿ ಅಧಿಕಾರಿಗಳಿಗೆ ಅಲ್ಲಿಗೆ ಹೋಗಲು ದೋಣಿ, ವಾಹನ ಕೊಡುವುದೂ ಎಷ್ಟೋ ಸಲ ಕಂಪೆನಿಯೇ. ಪೈಪು, ಒತ್ತಡ, ಹರಿವಿನ ಅಂಕಿ ಎಲ್ಲ ಕಂಪೆನಿಯ ಕೈಯಲ್ಲಿ. ಊರಿನವನ ಪಾಲಿಗೆ ಉಳಿಯುವುದು ಸಹಿ. ಆ ಸಹಿಯಲ್ಲಿ ತುಂಬಾ ಸಂಗತಿ ಅಡಗಿದೆ. ಪೈಪು ತುಕ್ಕು ಹಿಡಿದು ಒಡೆಯಿತು ಎಂದು ಬರೆದರೆ ಕಂಪೆನಿ ಪರಿಹಾರ ಕೊಡಬೇಕು. ಯಾರೋ ಕಳ್ಳರು ಕೊರೆದರು ಎಂದು ಬರೆದರೆ ಅಲ್ಲಿಯ ಕಾನೂನಿನಂತೆ ಕೊಡಬೇಕಾಗಿಲ್ಲ. ಒಂದೇ ಒಂದು ಪದ! ಈ ಪದವೇ ಆಮೇಲೆ ಕಂಪೆನಿಯ ವಾರ್ಷಿಕ ವರದಿಯ ಕೋಷ್ಟಕದಲ್ಲಿ ಎರಡು ಕಂಬಗಳಾಗಿ ನಿಲ್ಲುತ್ತದೆ. ನಮ್ಮಿಂದಾದ ಸೋರಿಕೆ ಇಷ್ಟು, ಕಳ್ಳರಿಂದಾದದ್ದು ಇಷ್ಟು. ಎರಡನೆಯ ಕಂಬವೇ ಸಾಮಾನ್ಯವಾಗಿ ಎತ್ತರ.

ನೈಜರ್ ತೀರದಲ್ಲಿ ಎಣ್ಣೆ ಕಳವು ಇಲ್ಲ ಎಂದು ಯಾರೂ ವಾದಿಸಲಾರರು. ಇದೆ, ಧಾರಾಳವಾಗಿದೆ, ಅದರಲ್ಲಿ ಸೈನಿಕರೂ ರಾಜಕಾರಣಿಗಳೂ ಪಾಲುದಾರರು ಎಂಬ ದೂರುಗಳಿವೆ. ನೈಜೀರಿಯಾದ ಸರಕಾರಿ ತೈಲ ಸಂಸ್ಥೆಯೇ ಆ ಪೈಪುಗಳಲ್ಲಿ 55 ಶೇಕಡಾ ಪಾಲು ಹೊಂದಿತ್ತು, ಶೆಲ್‌ನದ್ದು 30 ಶೇಕಡಾ ಎಂಬುದನ್ನೂ ಮರೆಯಬಾರದು. ಆದರೆ ಬೋಡೋದ 2008ರ ಎರಡು ಸೋರಿಕೆಗಳು ಕಳ್ಳರ ಕೆಲಸವಲ್ಲ, ತನ್ನದೇ ಪೈಪಿನ ದೋಷ ಎಂದು ಕೊನೆಗೆ ಶೆಲ್ ಒಪ್ಪಿಕೊಂಡಿತು.

ಹಾಗಾದರೆ ಎಷ್ಟು ಎಣ್ಣೆ ಸೋರಿತು? ಮೊದಲ ಸೋರಿಕೆಯ ಜಂಟಿ ತನಿಖೆಯ ಕಾಗದದಲ್ಲಿ ಬರೆದದ್ದು 1,640 ಬ್ಯಾರೆಲ್. ಅಮ್ನೆಸ್ಟಿ ಇಂಟರ್‌ನ್ಯಾಷನಲ್‌ಗಾಗಿ ಅಮೆರಿಕದ ಆಕ್ಯುಫ್ಯಾಕ್ಟ್ಸ್ ಎಂಬ ಪೈಪ್‌ಲೈನ್ ತಜ್ಞ ಸಂಸ್ಥೆ ಸೋರಿಕೆಯ ವೀಡಿಯೋ ನೋಡಿ 2012ರಲ್ಲಿ ಲೆಕ್ಕ ಹಾಕಿತು. 72 ದಿನಕ್ಕೆ 1,03,000ದಿಂದ 3,11,000 ಬ್ಯಾರೆಲ್. ಅಂದರೆ ಕನಿಷ್ಠ ಅರುವತ್ತು ಪಟ್ಟು ಹೆಚ್ಚು. ತಜ್ಞರ ಲೆಕ್ಕವೂ ಅಂದಾಜೇ ಎನ್ನಿ. ಆದರೆ ಬೋಡೋದ ಮೀನುಗಾರರು ಲಂಡನ್ ನ್ಯಾಯಾಲಯಕ್ಕೆ ಹೋದಾಗ ಕಂಪೆನಿ ತಾನೇ ಮೊದಲು ಕೊಟ್ಟ ಅಂಕಿ ಕಡಿಮೆಯಾಗಿತ್ತೆಂದು ಒಪ್ಪಬೇಕಾಯಿತು. 2015ರ ಜನವರಿಯಲ್ಲಿ 5.5 ಕೋಟಿ ಪೌಂಡಿಗೆ ರಾಜಿಯಾಯಿತು. ಅದರಲ್ಲಿ 3.5 ಕೋಟಿ ಪೌಂಡ್ 15,600 ಮಂದಿಗೆ, ಉಳಿದದ್ದು ಊರಿಗೆ. ಇಡೀ ಊರಿಗೆ ಕಂಪೆನಿ ಮೊದಲು ಕೊಡಲು ಬಂದದ್ದು 4,000 ಪೌಂಡ್ ಎಂದು ಆಗ ವರದಿಯಾಗಿತ್ತು.

ಏಳು ವರ್ಷಗಳ ಕಾಲ ಆ 1,640 ಬ್ಯಾರೆಲ್ ಎಲ್ಲಿತ್ತು? ದಾಖಲೆಯಲ್ಲಿತ್ತು. ಇಂತಹ ಕಾಗದಗಳ ಮೊತ್ತವೇ ವರದಿಯ ಕೋಷ್ಟಕ ತಾನೆ? ಪರಿಶೀಲಕರು ಬಂದು ನೋಡಿದರೂ ಏನು ನೋಡುತ್ತಾರೆ? ಕಾಗದದಲ್ಲಿರುವ ಅಂಕಿ ಕೋಷ್ಟಕಕ್ಕೆ ಸರಿಯಾಗಿ ಇಳಿದಿದೆಯೇ ಎಂದು. ಇಳಿದಿರುತ್ತದೆ. ತೋಡಿಗಿಳಿದು ನೋಡುವುದು ಅವರ ಕೆಲಸವಲ್ಲ.

ಇದು ಒಂದೂರಿನ ಕತೆ, ಎಲ್ಲೋ ಒಂದು ಕಡೆ ತಪ್ಪಾಯಿತು ಎನ್ನುವವರಿಗೆ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಒಗೋನಿ ಅಧ್ಯಯನವನ್ನು ತೋರಿಸಬೇಕು. ಶುದ್ಧೀಕರಣ ಮುಗಿದಿದೆ ಎಂದು ಶೆಲ್‌ನ ಕಡತಗಳು ಹೇಳುತ್ತಿದ್ದ 15 ಸ್ಥಳಗಳನ್ನು ಆ ತಂಡ ಅಗೆದು ನೋಡಿತು. 10 ಸ್ಥಳಗಳಲ್ಲಿ ಮಾಲಿನ್ಯ ಇನ್ನೂ ಇತ್ತು. ಹೊರಗಿನವರ ಕಠಿಣ ಮಾನದಂಡದಿಂದಲ್ಲ, ಕಂಪೆನಿ ತಾನೇ ಒಪ್ಪಿಕೊಂಡಿದ್ದ ಮಾನದಂಡಕ್ಕಿಂತಲೇ ಹೆಚ್ಚು! ನಿಸಿಸಿಯೋಕೆನ್ ಒಗಾಲೆ ಎಂಬಲ್ಲಿ ಕುಟುಂಬಗಳು ಕುಡಿಯುತ್ತಿದ್ದ ಬಾವಿ ನೀರಿನಲ್ಲಿ ಬೆಂಜೀನ್ ಎಂಬ ಕ್ಯಾನ್ಸರ್‌ಕಾರಕ ವಸ್ತು ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಿಂತ 900 ಪಟ್ಟಿಗೂ ಹೆಚ್ಚಿತ್ತು. ಅಂತರ್ಜಲದ ಮೇಲೆ 8 ಸೆಂಟಿಮೀಟರ್ ದಪ್ಪಕ್ಕೆ ಎಣ್ಣೆ ತೇಲುತ್ತಿತ್ತು. ಇಡೀ ಒಗೋನಿ ನಾಡು ಸುಧಾರಿಸಲು 25ರಿಂದ 30 ವರ್ಷ ಬೇಕು ಎಂದಿತು ಆ ಅಧ್ಯಯನ. ಕಡತದಲ್ಲಿ 'ಮುಗಿದಿದೆ' ಎಂಬ ಮುದ್ರೆ, ಬಾವಿಯಲ್ಲಿ ಬೆಂಜೀನ್. ವರದಿ ಓದಿದ ಹೂಡಿಕೆದಾರನಿಗೆ ಮೊದಲನೆಯದು ಸಿಗುತ್ತದೆ, ನೀರು ಸೇದುವ ಹೆಂಗಸಿಗೆ ಎರಡನೆಯದು.

ಬಡವರ ತೋಡಿನ ಲೆಕ್ಕ ಬಿಡಿ, ಬಂಡವಾಳಗಾರರ ಲೆಕ್ಕವಾದರೂ ಸರಿಯಿತ್ತೇ? ತೈಲ ಕಂಪೆನಿಯ ಬೆಲೆ ನಿಂತಿರುವುದು ಅದರ ನೆಲದಡಿಯ ನಿಕ್ಷೇಪದ ಮೇಲೆ. 2004ರ ಜನವರಿಯಲ್ಲಿ ಶೆಲ್ ತನ್ನ ಖಚಿತ ನಿಕ್ಷೇಪದಲ್ಲಿ 20 ಶೇಕಡಾ, ಅಂದರೆ 390 ಕೋಟಿ ಬ್ಯಾರೆಲ್ ಖಚಿತವಲ್ಲ ಎಂದು ಘೋಷಿಸಿತು. ಜಗತ್ತು ಬೆಚ್ಚಿಬಿತ್ತು. ತನಿಖೆಯಲ್ಲಿ ಗೊತ್ತಾದ ಒಂದು ಸಂಗತಿ ನನಗೆ ಮರೆಯಲಾಗುತ್ತಿಲ್ಲ. ಜಗತ್ತಿನಾದ್ಯಂತ ಹರಡಿದ ಆ ಕಂಪೆನಿಯ ನಿಕ್ಷೇಪಗಳ ಆಂತರಿಕ ತಪಾಸಣೆಗೆ ಇದ್ದದ್ದು ಒಬ್ಬರೇ ಒಬ್ಬರು. ಅವರೂ ಅದೇ ಕಂಪೆನಿಯಿಂದ ನಿವೃತ್ತರಾದ ಎಂಜಿನಿಯರ್, ಅರೆಕಾಲಿಕ ಕೆಲಸ, ಕೈಕೆಳಗೆ ಸಿಬ್ಬಂದಿ ಇಲ್ಲ. ಅಮೆರಿಕದ ಷೇರು ನಿಯಂತ್ರಕರಿಗೆ 12 ಕೋಟಿ ಡಾಲರ್, ಬ್ರಿಟನ್ನಿನವರಿಗೆ 1.7 ಕೋಟಿ ಪೌಂಡ್ ದಂಡ ಕಟ್ಟಿ ಪ್ರಕರಣ ಮುಗಿಯಿತು.

ಆಗ ಕಂಪೆನಿಯ ಅಧ್ಯಕ್ಷ ಸ್ಥಾನದಿಂದ ಕೆಳಗಿಳಿದವರು ಸರ್ ಫಿಲಿಪ್ ವಾಟ್ಸ್. ವೈಯಕ್ತಿಕವಾಗಿ ಅವರಿಗೆ ಯಾವ ಶಿಕ್ಷೆಯೂ ಆಗಲಿಲ್ಲ, ಅದನ್ನು ಹೇಳಬೇಕು. ಆದರೆ ಅವರು ಅದಕ್ಕಿಂತ ಸ್ವಲ್ಪವೇ ಹಿಂದೆ, ಸುಸ್ಥಿರ ಅಭಿವೃದ್ಧಿಗಾಗಿ ಇರುವ ಜಾಗತಿಕ ವಾಣಿಜ್ಯ ಮಂಡಳಿಯ ಅಧ್ಯಕ್ಷರಾಗಿದ್ದರು. 2002ರಲ್ಲಿ ಕಂಪೆನಿಗಳು ನುಡಿದಂತೆ ನಡೆಯುವುದು ಹೇಗೆ ಎಂಬ ಬಗ್ಗೆ ಇನ್ನಿಬ್ಬರೊಂದಿಗೆ ಪುಸ್ತಕವನ್ನೂ ಬರೆದಿದ್ದರು. 1991ರಿಂದ 94ರವರೆಗೆ, ಒಗೋನಿ ಚಳವಳಿ ಭುಗಿಲೆದ್ದ ಕಾಲದಲ್ಲಿ, ನೈಜೀರಿಯಾದಲ್ಲಿ ಶೆಲ್‌ನ ಮುಖ್ಯಸ್ಥರಾಗಿದ್ದವರೂ ಇವರೇ. ಕಾದಂಬರಿಯಲ್ಲಿ ಇಂತಹ ಪಾತ್ರ ಬಂದರೆ ಲೇಖಕ ಅತಿ ಮಾಡಿದ ಎನ್ನುತ್ತಿದ್ದೆವು.

ಇನ್ನು ಲಂಚದ ಮಾತು. ಶೆಲ್‌ನ ವ್ಯವಹಾರ ತತ್ವಗಳು 1976ರಿಂದಲೇ ಇವೆ. ಲಂಚ ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ ಎಂಬುದು ಅವುಗಳ ಹೆಮ್ಮೆಯ ಸಾಲು. 2010ರ ನವೆಂಬರ್‌ನಲ್ಲಿ ಶೆಲ್‌ನ ನೈಜೀರಿಯಾದ ಆಳಸಮುದ್ರ ಶಾಖೆ ಅಮೆರಿಕದ ನ್ಯಾಯ ಇಲಾಖೆಗೆ 3 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಬೋಂಗಾ ಎಂಬ ತೈಲಕ್ಷೇತ್ರಕ್ಕೆ ಸಾಮಾನು ತರಿಸುವಾಗ ಕಸ್ಟಮ್ಸ್ ಅಧಿಕಾರಿಗಳಿಗೆ ಲಂಚ ಹೋಗುತ್ತದೆಂದು ಗೊತ್ತಿದ್ದೂ ಉಪಗುತ್ತಿಗೆದಾರರಿಗೆ ಸುಮಾರು 20 ಲಕ್ಷ ಡಾಲರ್ ಪಾವತಿ ಮಾಡಲಾಗಿತ್ತು. ಷೇರು ನಿಯಂತ್ರಕರಿಗೆ ಕಟ್ಟಿದ್ದು ಬೇರೆ. ಲಂಚ ಕೊಟ್ಟವನು ಕಂಪೆನಿಯ ನೌಕರನಲ್ಲ ಎಂಬುದನ್ನು ಗಮನಿಸಿ. ಸಾಗಾಟದ ಏಜೆಂಟ್. ನಮ್ಮ ಕಚೇರಿಗಳ ಎದುರು ಕುಳಿತ ಬ್ರೋಕರ್‌ನಂತೆ. ಕೊಟ್ಟವರ ಕೈ ಯಾವತ್ತೂ ಸ್ವಚ್ಛ.

ಇನ್ನೂ ದೊಡ್ಡದು ಓಪಿಎಲ್ 245 ಎಂಬ ತೈಲಕ್ಷೇತ್ರದ ಪ್ರಕರಣ. 1998ರಲ್ಲಿ ನೈಜೀರಿಯಾದ ತೈಲ ಸಚಿವ ಡಾನ್ ಎಟೆಟೆ ಈ ಕ್ಷೇತ್ರವನ್ನು ಮಲಾಬು ಎಂಬ ಕಂಪೆನಿಗೆ ಕೊಟ್ಟರು. ಮಲಾಬು ಹುಟ್ಟಿ ಕೆಲವೇ ದಿನಗಳಾಗಿದ್ದವು, ಅದರ ಹಿಂದೆ ಇದ್ದವರು ಎಟೆಟೆಯೇ. 2011ರಲ್ಲಿ ಶೆಲ್ ಮತ್ತು ಇಟಲಿಯ ಎನಿ ಕಂಪೆನಿಗಳು ಈ ಕ್ಷೇತ್ರಕ್ಕಾಗಿ 130 ಕೋಟಿ ಡಾಲರ್ ಕೊಟ್ಟವು. ಹಣ ಹೋದದ್ದು ನೈಜೀರಿಯಾ ಸರಕಾರದ ಖಾತೆಗೆ. ಅಲ್ಲಿಂದ ಸುಮಾರು 110 ಕೋಟಿ ಮಲಾಬುವಿಗೆ. ತಾವು ಸರಕಾರದೊಂದಿಗೆ ಮಾತ್ರ ವ್ಯವಹರಿಸಿದ್ದೇವೆ ಎಂಬುದು ವರ್ಷಗಟ್ಟಲೆ ಶೆಲ್‌ನ ನಿಲುವಾಗಿತ್ತು. ಒಳಗಿನ ಇಮೇಲ್‌ಗಳು ಸೋರಿ ಪತ್ರಿಕೆಗಳಲ್ಲಿ ಬಂದ ಮೇಲೆ, 2017ರ ಏಪ್ರಿಲ್‌ನಲ್ಲಿ, ಎಟೆಟೆಯೊಂದಿಗೂ ಮಾತುಕತೆ ನಡೆದಿತ್ತು ಎಂದು ಒಪ್ಪಿಕೊಂಡಿತು. ಫ್ರಾನ್ಸಿನ ನ್ಯಾಯಾಲಯ ಆ ಮನುಷ್ಯನನ್ನು ಹಣ ಚಲುವೆಯ ಅಪರಾಧದಲ್ಲಿ 2007ರಲ್ಲೇ ತಪ್ಪಿತಸ್ಥನೆಂದಿತ್ತು.

2021ರ ಮಾರ್ಚ್‌ನಲ್ಲಿ ಮಿಲಾನ್ ನ್ಯಾಯಾಲಯ ಎರಡೂ ಕಂಪೆನಿಗಳನ್ನು, ಎಟೆಟೆ ಸಹಿತ ಎಲ್ಲ ಆರೋಪಿಗಳನ್ನು ಖುಲಾಸೆಗೊಳಿಸಿತು. ಆದ್ದರಿಂದ ಅಪರಾಧ ಎಂಬ ಪದವನ್ನು ನಾನು ಬಳಸುವುದಿಲ್ಲ. ಕೇಳುವುದು ವರದಿಯ ಪ್ರಶ್ನೆ. ಇಂದು ಎಲ್ಲ ಕಡೆ ಹೊಗಳಲ್ಪಡುವ, 'ಸರಕಾರಗಳಿಗೆ ಮಾಡಿದ ಪಾವತಿ' ಎಂಬ ಕೋಷ್ಟಕದಲ್ಲಿ ಈ 130 ಕೋಟಿಯನ್ನು ಬರೆದರೆ ಹೇಗೆ ಕಾಣುತ್ತದೆ? ಸರಕಾರಕ್ಕೆ ಕೊಟ್ಟ ಹಣ ಎಂದೇ ಕಾಣುತ್ತದೆ. ಅಕ್ಷರಶಃ ಸರಿ. ಒಂದು ಸುಳ್ಳೂ ಇಲ್ಲದ, ಏನನ್ನೂ ಹೇಳದ ಸಾಲು!

ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಇರುವುದು ಒಳ್ಳೆಯದಲ್ಲವೇ ಎಂದು ಕೆಲವು ಸಜ್ಜನ ಗೆಳೆಯರು ಕೇಳುತ್ತಾರೆ. ಬರೆದ ಮಾತು ನಾಳೆ ಕಂಪೆನಿಯನ್ನು ಕಟ್ಟಿಹಾಕುತ್ತದೆ ಎನ್ನುತ್ತಾರೆ. ಈ ವಾದದಲ್ಲಿ ಹುರುಳಿದೆ. 2019ರಲ್ಲಿ ಭಾರತೀಯ ಮೂಲದ ವೇದಾಂತ ಕಂಪೆನಿಯ ಮೇಲೆ ಜಾಂಬಿಯಾದ ಹಳ್ಳಿಗರು ಹೂಡಿದ ದಾವೆಯಲ್ಲಿ, ಮತ್ತು 2021ರ ಫೆಬ್ರವರಿಯಲ್ಲಿ ಶೆಲ್ ಮೇಲೆ ಒಗಾಲೆ ಹಾಗೂ ಬಿಲ್ಲೆ ಊರಿನವರು ಹೂಡಿದ ದಾವೆಯಲ್ಲಿ, ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಮಹತ್ವದ ತೀರ್ಪು ಕೊಟ್ಟಿತು. ಸಮೂಹದ ಎಲ್ಲ ಶಾಖೆಗಳ ಪರಿಸರ ಉಸ್ತುವಾರಿ ತನ್ನದೆಂದು ಮೂಲ ಕಂಪೆನಿ ಬರೆದುಕೊಂಡಿದ್ದರೆ, ಆ ಬರಹವೇ ಅದರ ಹೊಣೆಗಾರಿಕೆಗೆ ಆಧಾರವಾಗಬಹುದು ಎಂದಿತು. ವೇದಾಂತದ ತೀರ್ಪಿನಲ್ಲಿ ಅದರ ಸುಸ್ಥಿರತಾ ವರದಿಯನ್ನೇ ಉಲ್ಲೇಖಿಸಲಾಗಿದೆ.

ಆದರೆ ಅದೇ ನ್ಯಾಯಾಲಯಗಳಲ್ಲಿ ಕಂಪೆನಿಗಳ ವಕೀಲರು ಏನು ವಾದಿಸಿದ್ದರು? ನಾವು ಕೇವಲ ಷೇರು ಹೊಂದಿದವರು, ದೂರದಿಂದ ಮಾರ್ಗಸೂಚಿ ಕೊಡುವವರು, ಪೈಪನ್ನು ನಡೆಸುವವರು ಅಲ್ಲಿಯ ಶಾಖೆಯವರು ಎಂದು. ಹೂಡಿಕೆದಾರರ ಎದುರು 'ನಮ್ಮ ಕಣ್ಣು ಎಲ್ಲ ಕಡೆ ಇದೆ' ಎಂದವರು ನ್ಯಾಯಾಧೀಶರ ಎದುರು 'ನಮಗೆ ಅಲ್ಲಿ ಏನೂ ಕಾಣಿಸುವುದಿಲ್ಲ' ಎನ್ನುತ್ತಾರೆ. ವರದಿಯನ್ನು ಅದನ್ನು ಬರೆದವರೇ ನಂಬದಿರುವಾಗ ನಾವು ಯಾಕೆ ನಂಬಬೇಕು? ವರದಿ ಪ್ರಯೋಜನಕ್ಕೆ ಬಂದದ್ದು ಸಾಕ್ಷಿಯಾಗಿ. ಅದೂ ಎದುರು ಪಕ್ಷದ ಕೈಯಲ್ಲಿ.

ಇದೆಲ್ಲ ಆಫ್ರಿಕಾದ ಮಾತಾಯಿತು, ನಮಗೇನು? ನಮ್ಮಲ್ಲೂ ಈಗ ಸೆಬಿಯ ಆದೇಶದಂತೆ ಅತಿ ದೊಡ್ಡ 1,000 ನೋಂದಾಯಿತ ಕಂಪೆನಿಗಳು 2022-23ರ ಸಾಲಿನಿಂದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿಯನ್ನು ಕಡ್ಡಾಯವಾಗಿ ಕೊಡಬೇಕು. ಮಂಗಳೂರಿನ ಎಂಆರ್‌ಪಿಎಲ್ ಕೂಡ ಕೊಡುತ್ತದೆ. ನಮೂನೆಯಲ್ಲಿ ಲಂಚದ ಬಗ್ಗೆ ಒಂದು ಪ್ರಶ್ನೆ ಇದೆ. ನಿಮ್ಮ ನಿರ್ದೇಶಕರು, ನೌಕರರು, ಕೆಲಸಗಾರರಲ್ಲಿ ಎಷ್ಟು ಮಂದಿಯ ಮೇಲೆ ಲಂಚ, ಭ್ರಷ್ಟಾಚಾರದ ಆರೋಪದಲ್ಲಿ ಕಾನೂನು ಜಾರಿ ಸಂಸ್ಥೆಗಳು ಕ್ರಮ ಕೈಗೊಂಡಿವೆ? ಬೋಂಗಾ ಪ್ರಕರಣವನ್ನು ಈ ನಮೂನೆಗೆ ಹಾಕಿ ನೋಡಿ. ಲಂಚ ಕೊಟ್ಟದ್ದು ಏಜೆಂಟ್. ಕ್ರಮ ಆದದ್ದು ಕಂಪೆನಿಯ ಮೇಲೆ, ವರ್ಷಗಳ ನಂತರ, ಬೇರೆ ದೇಶದಲ್ಲಿ. ಲಂಚ ಹರಿಯುತ್ತಿದ್ದ ಅಷ್ಟೂ ವರ್ಷ ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಸೊನ್ನೆ! ಹಿಡಿಯಲ್ಪಟ್ಟ ಕಳ್ಳರ ಸಂಖ್ಯೆಯನ್ನು ಕಳವಿನ ಸಂಖ್ಯೆ ಎಂದು ಓದಿಸುವ ನಮೂನೆ ಇದು.

ಉಡುಪಿ ಜಿಲ್ಲೆಯ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹಾರುಬೂದಿ, ಉಪ್ಪುನೀರಿನ ಬಗ್ಗೆ ಸುತ್ತಲಿನ ರೈತರು ಆರಂಭದಿಂದಲೂ ಕೂಗಿಕೊಂಡರು. 2022ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 52 ಕೋಟಿ ರೂಪಾಯಿಯ ಪರಿಸರ ಪರಿಹಾರ ಕಟ್ಟುವಂತೆ ಆದೇಶಿಸಿತು. ಅದಕ್ಕೆ ದಾರಿ ಮಾಡಿದ್ದು ಯಾವುದೇ ಹೊಳೆಯುವ ಕಾಗದದ ವರದಿಯಲ್ಲ, ನಂದಿಕೂರಿನ ಜನಜಾಗೃತಿ ಸಮಿತಿಯವರು ಚಪ್ಪಲಿ ಸವೆಸಿ ನಡೆಸಿದ ದಾವೆ.

ಹಾಗಾದರೆ ಏನು ಕೇಳಬೇಕು? ವರದಿಯನ್ನಲ್ಲ, ಅದರ ಹಿಂದಿನ ಕಾಗದವನ್ನು. ಪ್ರತಿ ಸೋರಿಕೆಯ, ಪ್ರತಿ ದೂರಿನ ಮಹಜರು ಊರಿನ ಭಾಷೆಯಲ್ಲಿ, ಫೋಟೋ ಸಹಿತ ಪಂಚಾಯತ್ ಕಚೇರಿಯಲ್ಲಿ ಇರಲಿ. ಬಾವಿ ನೀರಿನ ಮಾದರಿಯನ್ನು ಊರವರು ಆರಿಸಿದ ಪ್ರಯೋಗಾಲಯ ಪರೀಕ್ಷಿಸಲಿ, ಖರ್ಚನ್ನು ಕಂಪೆನಿಯಿಂದ ವಸೂಲು ಮಾಡಿ ಸರಕಾರ ಕೊಡಲಿ. ಏಜೆಂಟರು, ಉಪಗುತ್ತಿಗೆದಾರರು, ಸಲಹೆಗಾರರು ಎಂಬ ಹೆಸರಿನಲ್ಲಿ ಯಾರಿಗೆ ಎಷ್ಟು ಹೋಯಿತು, ಅವರ ಹಿಂದೆ ಇರುವ ನಿಜವಾದ ಮಾಲಕ ಯಾರು ಎಂಬ ಪಟ್ಟಿ ಬಹಿರಂಗವಾಗಲಿ. ಇದು ವ್ಯಾಪಾರದ ಗುಟ್ಟು ಎನ್ನುತ್ತಾರೆ. ಬಾವಿಯ ಬೆಂಜೀನ್ ಯಾರ ಗುಟ್ಟು? ಪರಿಶೀಲಕರಿಗೆ ಸಂಬಳ ಕೊಡುವವನು ಪರಿಶೀಲನೆಗೆ ಒಳಗಾಗುವವನೇ ಆಗಿರುವವರೆಗೆ 'ಸ್ವತಂತ್ರ ಪರಿಶೀಲನೆ' ಎಂಬ ಪದವನ್ನು ಬಳಸುವುದಕ್ಕೇ ಅವಕಾಶ ಇರಬಾರದು.

ಶೆಲ್ ಈಗ ನೈಜರ್ ತೀರದಲ್ಲಿ ಇಲ್ಲ. ಭೂಭಾಗದ ತನ್ನ ತೈಲ ವ್ಯವಹಾರವನ್ನು ರೆನೈಸಾನ್ಸ್ ಎಂಬ ಕೂಟಕ್ಕೆ ಮಾರಿ 2025ರ ಮಾರ್ಚ್‌ನಲ್ಲಿ ಅಲ್ಲಿಂದ ಕೈತೊಳೆದುಕೊಂಡಿತು. ಲಾಭದ ಆಳಸಮುದ್ರ ಮತ್ತು ಅನಿಲ ಉಳಿಸಿಕೊಂಡಿದೆ. ಅದೇ ವರ್ಷ ಜೂನ್‌ನಲ್ಲಿ ನೈಜೀರಿಯಾದ ಅಧ್ಯಕ್ಷರು ಸಾರೋ-ವಿವಾ ಮತ್ತು ಸಂಗಾತಿಗಳಿಗೆ ಮರಣೋತ್ತರ ಕ್ಷಮಾದಾನ ಕೊಟ್ಟರು. ಮಾಡದ ತಪ್ಪಿಗೆ ಕ್ಷಮೆ! ಇನ್ನು ಮುಂದೆ ಆ ಹಳೆಯ ಪೈಪುಗಳು ಸೋರಿದರೆ ಅದು ಶೆಲ್‌ನ ಕೋಷ್ಟಕದಲ್ಲಿ ಬರಬೇಕಾಗಿಲ್ಲ. ತೋಡಿನಿಂದ ಒಂದು ಕೊಡ ಎಣ್ಣೆಯನ್ನೂ ಎತ್ತದೆ ಸೋರಿಕೆಯ ಕಂಬ ಕುಳ್ಳಗಾಗುತ್ತದೆ, ಸುಧಾರಣೆ ಎಂಬ ಬಾಣದ ಗುರುತು ಅದರ ಪಕ್ಕದಲ್ಲಿ ಬರುತ್ತದೆ. ಒಗಾಲೆಯವರು ತಮ್ಮ ಬಾವಿಗಳ ಬಗ್ಗೆ ಲಂಡನ್‌ನಲ್ಲಿ ದಾವೆ ಹೂಡಿದ್ದು 2015ರಲ್ಲಿ. ಹಳೆಯ ಸೋರಿಕೆಗಳಿಗೂ ಕಂಪೆನಿಯನ್ನು ಹೊಣೆ ಮಾಡಲು ಅವಕಾಶವಿದೆ ಎಂದು ಅಲ್ಲಿಯ ಹೈಕೋರ್ಟ್ ಹೇಳುವ ಹೊತ್ತಿಗೆ 2025 ಬಂದಿತ್ತು. ಆ ಹತ್ತು ವರ್ಷವೂ ವರದಿ ಮಾತ್ರ ತಪ್ಪದೆ, ಸಮಯಕ್ಕೆ ಸರಿಯಾಗಿ ಹೊರಬಂದಿದೆ.